ವಿಡಿಯೋ ಕ್ಯಾಸೆಟ್‌ನಿಂದ ಗಣಕಯಂತ್ರಕ್ಕೆ: ಒಂದು ಸ್ಟುಡಿಯೋದ ದಾಸ್ತಾನು ಪಟ್ಟಿಯ ಸುತ್ತ

ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ ಲೆಕ್ಕ ಪರಿಶೋಧಕನ ಕಚೇರಿಗೆ ಬರುವ ದಾಸ್ತಾನು ಪಟ್ಟಿಗಳಲ್ಲಿ ಸಾಮಾನ್ಯವಾಗಿ ವಿಶೇಷವೇನೂ ಇರುವುದಿಲ್ಲ. ಕಾಳಿನ ವ್ಯಾಪಾರಿಯ ಪಟ್ಟಿಯಲ್ಲಿ ಕಡಲೆ, ಹೆಸರು, ಒಣ ಮೆಣಸಿನಕಾಯಿ. ಮುದ್ರಣಾಲಯದ ಪಟ್ಟಿಯಲ್ಲಿ ಕಾಗದದ ರೀಮು, ಶಾಯಿ, ರಟ್ಟು. ಬೆಟಗೇರಿಯ ನೇಕಾರ ಬಂಧುಗಳ ಪಟ್ಟಿಯಲ್ಲಿ ನೂಲು ಮತ್ತು ಸಿದ್ಧ ಸೀರೆ. ಆದರೆ ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ಕಕ್ಷಿದಾರರೊಬ್ಬರು, ಗದಗದಲ್ಲಿ ಮೂರು ದಶಕಗಳಿಂದ ಫೋಟೋ ಹಾಗೂ ವಿಡಿಯೋ ಸ್ಟುಡಿಯೋ ನಡೆಸುತ್ತಿರುವವರು, ತಂದಿತ್ತ ಪಟ್ಟಿಯ ಕೊನೆಯ ಸಾಲು ನನ್ನನ್ನು ತಡೆದು ನಿಲ್ಲಿಸಿತು. "ಹಳೆಯ ಮಾಸ್ಟರ್ ಕ್ಯಾಸೆಟ್‌ಗಳು, ನಗ 412, ಬೆಲೆ ಸೊನ್ನೆ."

ಬೆಲೆ ಸೊನ್ನೆಯಾದರೆ ಪಟ್ಟಿಯಲ್ಲಿ ಏಕೆ ಸೇರಿಸಿದಿರಿ ಎಂದು ಕೇಳಿದೆ. ಎಸೆಯಲು ಮನಸ್ಸು ಬರುವುದಿಲ್ಲ, ಮಾರಲು ಬರುವುದಿಲ್ಲ, ಎರಡು ಕಪಾಟು ತುಂಬ ಕುಳಿತಿವೆ, ನೀವೇ ದಾರಿ ಹೇಳಿ ಎಂದರು. ಇತ್ತೀಚೆಗೆ ಗ್ರಾಹಕರು ಹುಡುಕಿಕೊಂಡು ಬಂದು ನಮ್ಮ ಮದುವೆಯ ಕ್ಯಾಸೆಟನ್ನು ಪೆನ್ ಡ್ರೈವಿಗೆ ಹಾಕಿಕೊಡಿ ಎಂದು ಕೇಳುವುದು ಹೆಚ್ಚಾಗಿದೆ ಎಂದೂ ಸೇರಿಸಿದರು. ಈ ಮಾತಿನಿಂದ ಆರಂಭವಾದ ವಿಚಾರವನ್ನೇ ಪ್ರಸ್ತುತ ಲೇಖನದಲ್ಲಿ ವಾಚಕರ ಮುಂದಿಡುತ್ತಿದ್ದೇನೆ. ನಮ್ಮ ವಾಣಿಜ್ಯ ಸಂಸ್ಥೆಯ ಸದಸ್ಯರಲ್ಲಿ ಸ್ಟುಡಿಯೋ ವೃತ್ತಿಯವರು ಕೆಲವರೇ ಇರಬಹುದು. ಆದರೆ ಟ್ರಂಕಿನ ತಳದಲ್ಲೊಂದು ವಿಡಿಯೋ ಕ್ಯಾಸೆಟ್ ಇಲ್ಲದ ಸದಸ್ಯರ ಮನೆ ವಿರಳ.

ಜಪಾನಿನ ಜೆವಿಸಿ ಸಂಸ್ಥೆಯು ವಿಎಚ್‌ಎಸ್ ಎಂಬ ಕ್ಯಾಸೆಟ್ ಪದ್ಧತಿಯನ್ನು ಮಾರುಕಟ್ಟೆಗೆ ತಂದದ್ದು 1976ರಲ್ಲಿ. ಅದಕ್ಕಿಂತ ಒಂದು ವರ್ಷ ಮೊದಲೇ ಬಂದಿದ್ದ ಸೋನಿಯ ಬೀಟಾಮ್ಯಾಕ್ಸ್ ಸ್ಪರ್ಧೆಯಲ್ಲಿ ಹಿಂದೆ ಬಿದ್ದಿತು. ನಮ್ಮ ಕಡೆಗೆ ವಿಡಿಯೋ ಬಂದದ್ದು ಮೊದಲಿಗೆ ಬಾಡಿಗೆಯ ರೂಪದಲ್ಲಿ. ಟಿ.ವಿ., ವಿಸಿಪಿ ಮತ್ತು ಮೂರು ಚಲನಚಿತ್ರಗಳನ್ನು ಒಂದು ರಾತ್ರಿಗೆ ತಂದು ಓಣಿಯವರೆಲ್ಲ ಕೂಡಿ ನೋಡುತ್ತಿದ್ದುದನ್ನು ನನ್ನ ಓರಗೆಯವರು ಮರೆತಿರಲಾರರು. ಮದುವೆಗೆ ವಿಡಿಯೋ ಹಿಡಿಸುವುದು 1990ರ ದಶಕದಲ್ಲಿ ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಹಳ್ಳಿಗಳವರೆಗೂ ಹಬ್ಬಿತು. ಭುಜದ ಮೇಲಿಡುವ ಪ್ಯಾನಾಸೋನಿಕ್ ಎಂ-9000 ಕ್ಯಾಮೆರಾ, ಕಣ್ಣು ಕುಕ್ಕುವ ಹ್ಯಾಲೋಜನ್ ದೀಪ, ಆ ದೀಪದ ವಯರು ಹಿಡಿದು ಹಿಂದೆ ಓಡಾಡುವ ಹುಡುಗ, ಇಷ್ಟಿಲ್ಲದೆ ಅಕ್ಷತೆ ಬೀಳುತ್ತಿರಲಿಲ್ಲ.

ಪಟ್ಟಿಯನ್ನು ಮುಂದಿಟ್ಟುಕೊಂಡಿದ್ದ ನನಗೆ ತಟ್ಟನೆ ನೆನಪಾದದ್ದು 1996ರಲ್ಲಿ ಗದಗ ತಾಲೂಕಿನ ನಮ್ಮ ಅಸುಂಡಿಯಲ್ಲಿ ಮನೆಯ ಮುಂದೆ ಹಂದರ ಹಾಕಿ ನಡೆಸಿದ ನನ್ನ ತಂಗಿಯ ಮದುವೆ. ವಿಡಿಯೋ ಹಿಡಿದವರು ಇದೇ ಸ್ಟುಡಿಯೋದವರು. ನಮಗೆ ಕೊಟ್ಟಿದ್ದ ಮೂರು ಗಂಟೆಯ ಕ್ಯಾಸೆಟ್ ಈಗ ಇಲ್ಲ. ಅದು ಹಾಳಾದದ್ದು ಸಂಪೂರ್ಣ ನನ್ನ ತಪ್ಪಿನಿಂದ. 2011ರಲ್ಲಿ ಗೃಹಪ್ರವೇಶಕ್ಕೆ ಬಂದ ಬಂಧುಗಳಿಗೆ ತೋರಿಸಬೇಕೆಂಬ ಆತುರದಲ್ಲಿ, ವರ್ಷಗಟ್ಟಲೆ ಮೂಲೆಯಲ್ಲಿ ಧೂಳು ತಿಂದಿದ್ದ ವಿಸಿಆರ್ ಒಂದನ್ನು ಎರವಲು ತಂದು ನೇರವಾಗಿ ಕ್ಯಾಸೆಟ್ ತೂರಿಸಿದೆ. ಯಂತ್ರವು ಟೇಪನ್ನು ಎಳೆದುಕೊಂಡು ಶಾವಿಗೆಯಂತೆ ಹೊಸೆಯಿತು. ಹರಿದ ತುಂಡುಗಳನ್ನು ನಾನು ಅಂಗಡಿಯ ಸಾಮಾನ್ಯ ಅಂಟುಪಟ್ಟಿಯಿಂದ ಜೋಡಿಸಿದೆ. ಆ ಅಂಟು ಟೇಪಿನ ಸುತ್ತುಗಳಿಗೆಲ್ಲ ಹರಡಿ ಉಳಿದದ್ದನ್ನೂ ಕೆಡಿಸಿತು. ನಮ್ಮ ತಂದೆಯವರು 1999ರಲ್ಲಿ ತೀರಿಕೊಂಡಿದ್ದರು. ಅವರು ನಡೆದಾಡುವುದನ್ನು ತೋರಿಸುವ ಚಿತ್ರ ಅದೊಂದೇ ಆಗಿತ್ತು.

"ಅಸುಂಡಿಯ ಮಾಸ್ಟರ್ ಇದೆಯೇ?" ಎಂದು ಕೇಳಿದೆ. ಸ್ಟುಡಿಯೋ ಮಾಲೀಕರು ತುಸು ಸಂಕೋಚದಿಂದಲೇ ಹಳೆಯ ಉದ್ರಿ ವಹಿಯನ್ನು ತರಿಸಿ ನೋಡಿ, ಇರಬೇಕು ಎಂದರು. ಸಂಕೋಚದ ಕಾರಣವನ್ನು ಮುಂದೆ ಹೇಳುತ್ತೇನೆ.

ಟೇಪಿನ ಮೇಲೆ ಚಿತ್ರ ನಿಲ್ಲುವ ಬಗೆ

ವರ್ಗಾವಣೆಯ ಕಷ್ಟಗಳು ಅರ್ಥವಾಗಬೇಕಾದರೆ ಕ್ಯಾಸೆಟಿನ ಒಳಗಿನ ವ್ಯವಸ್ಥೆಯನ್ನು ಸ್ವಲ್ಪ ತಿಳಿಯಬೇಕು. ಅರ್ಧ ಅಂಗುಲ, ಅಂದರೆ 12.7 ಮಿಲಿಮೀಟರ್ ಅಗಲದ ಪಾಲಿಯೆಸ್ಟರ್ ಪಟ್ಟಿಯ ಮೇಲೆ ಕಾಂತೀಯ ಪುಡಿಯನ್ನು ಅಂಟುದ್ರವ್ಯದಿಂದ ಲೇಪಿಸಿರುತ್ತಾರೆ. ನಮ್ಮ ದೇಶದ ಪಾಲ್ ಪದ್ಧತಿಯಲ್ಲಿ ಈ ಪಟ್ಟಿ ಸೆಕೆಂಡಿಗೆ 23.39 ಮಿಲಿಮೀಟರ್ ವೇಗದಲ್ಲಿ ಸಾಗುತ್ತದೆ. ಮೂರು ಗಂಟೆಗೆ 250 ಮೀಟರಿಗೂ ಹೆಚ್ಚು ಬೇಕು. ಇಷ್ಟು ನಿಧಾನ ಚಲಿಸುವ ಪಟ್ಟಿಯಲ್ಲಿ ಚಿತ್ರದ ವಿವರ ಹಿಡಿಯುವುದಿಲ್ಲವಾದ್ದರಿಂದ, ಚಿತ್ರ ಬರೆಯುವ ತಲೆಗಳನ್ನು ಒಂದು ಉರುಳೆಯಲ್ಲಿ ಕೂರಿಸಿ ಉರುಳೆಯನ್ನೇ ಸೆಕೆಂಡಿಗೆ 25 ಸುತ್ತು ತಿರುಗಿಸುತ್ತಾರೆ. ಪಟ್ಟಿ ಉರುಳೆಗೆ ಓರೆಯಾಗಿ ಸುತ್ತಿಕೊಂಡಿರುತ್ತದೆ. ಪ್ರತಿಯೊಂದು ಓರೆ ಗೆರೆಯೂ ಅರ್ಧ ಚಿತ್ರ. ಸೆಕೆಂಡಿಗೆ 50 ಅರ್ಧ ಚಿತ್ರಗಳು ಕೂಡಿ 25 ಪೂರ್ಣ ಚಿತ್ರಗಳಾಗುತ್ತವೆ. ಧ್ವನಿ ಮಾತ್ರ ಪಟ್ಟಿಯ ಒಂದು ಅಂಚಿನಲ್ಲಿ ನೇರ ಗೆರೆಯಾಗಿ ಬರೆಯಲ್ಪಡುತ್ತದೆ. ಅಂಚು ಮಡಚಿದರೆ ಮೊದಲು ಹೋಗುವುದು ಧ್ವನಿ.

ಈ ಧ್ವನಿಯ ಗೆರೆಗೆ ಇನ್ನೊಂದು ಗುಣವಿತ್ತು. ಚಿತ್ರಕ್ಕೆ ಧಕ್ಕೆಯಾಗದಂತೆ ಅದೊಂದನ್ನೇ ಅಳಿಸಿ ಬೇರೆ ಧ್ವನಿ ಬರೆಯಬಹುದಿತ್ತು. ಮದುವೆ ವಿಡಿಯೋಗಳಲ್ಲಿ ತಾಳಿ ಕಟ್ಟುವಾಗಿನಿಂದ ಊಟದ ಪಂಕ್ತಿಯವರೆಗೆ ಚಲನಚಿತ್ರ ಗೀತೆಗಳೇ ಕೇಳಿಸುವುದೇಕೆ ಎಂಬುದಕ್ಕೆ ತಾಂತ್ರಿಕ ಕಾರಣ ಇದು. ಸಾಮಾಜಿಕ ಕಾರಣವೂ ಇದ್ದೀತು: ಹಂದರದಲ್ಲಿ ಅಳುವ ಮಕ್ಕಳು, ಜಗಳವಾಡುವ ಬೀಗರು ಯಾರಿಗೂ ಬೇಕಾಗಿರಲಿಲ್ಲ.

ಗಣಕಯಂತ್ರ ಬರುವ ಮೊದಲು ಸಂಕಲನವೆಂದರೆ ಎರಡು ವಿಸಿಆರ್‌ಗಳ ನಡುವಿನ ಕೆಲಸ. ಒಂದರಲ್ಲಿ ಮಾಸ್ಟರ್ ಓಡಿಸಿ, ನಡುವೆ ಮಿಕ್ಸರ್ ಇಟ್ಟು, ಬೇಕಾದ ಭಾಗವನ್ನು ಇನ್ನೊಂದರಲ್ಲಿ ಬರೆದುಕೊಳ್ಳುವುದು. ಇಲ್ಲಿ ಪ್ರತಿ ನಕಲಿನಲ್ಲೂ ಗುಣ ಕುಂದುತ್ತಿತ್ತು. ಮೂಲವೇ ಸುಮಾರು 240 ಗೆರೆಗಳಷ್ಟು ಅಡ್ಡ ವಿವರ ಹಿಡಿಯುವಂಥದ್ದು. ಸಂಕಲಿತ ಪ್ರತಿ ಎರಡನೆಯ ತಲೆಮಾರು, ಅದರಿಂದ ಬೀಗರಿಗೆ ಮಾಡಿಕೊಟ್ಟ ಪ್ರತಿ ಮೂರನೆಯ ತಲೆಮಾರು. ಕೆಂಪು ಸೀರೆಯ ಬಣ್ಣ ಅಂಚು ದಾಟಿ ಹರಿಯುವುದು ಈ ಮೂರನೆಯ ತಲೆಮಾರಿನಲ್ಲಿ. ಲೆಕ್ಕಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ಮಾಸ್ಟರ್ ಎಂಬುದು ಮೂಲ ವೋಚರು; ಸಂಕಲಿತ ಪ್ರತಿಯು ಖಾತೆ ಪುಸ್ತಕ. ಪುಸ್ತಕ ಎಷ್ಟೇ ಅಂದವಾಗಿದ್ದರೂ ನಾವು ಪರಿಶೀಲನೆಗೆ ಕೇಳುವುದು ವೋಚರನ್ನೇ. ವಿಚಿತ್ರವೆಂದರೆ ಈ ವೃತ್ತಿಯಲ್ಲಿ ವೋಚರನ್ನೇ ಅಳಿಸಿ ಮರುಬಳಕೆ ಮಾಡುವ ರೂಢಿಯಿತ್ತು. ಖಾಲಿ ಕ್ಯಾಸೆಟಿಗೆ ಆಗ ಬೆಲೆಯಿತ್ತು; ಗ್ರಾಹಕನಿಗೆ ಪ್ರತಿ ಕೊಟ್ಟು ಹಣ ಚುಕ್ತಾ ಆದೊಡನೆ ಮಾಸ್ಟರ್ ಮುಂದಿನ ಮುಹೂರ್ತಕ್ಕೆ ಹೊರಡುತ್ತಿತ್ತು.

2002ರ ಯೋಜನಾ ವರದಿ

ಇದೇ ಸ್ಟುಡಿಯೋಗೆ ಗಣಕಯಂತ್ರ ಸಂಕಲನ ಘಟಕ ಹಾಕಲು ಬ್ಯಾಂಕ್ ಸಾಲಕ್ಕೆ 2002ರಲ್ಲಿ ಯೋಜನಾ ವರದಿ ಬರೆದವನು ನಾನೇ. ಪೆಂಟಿಯಂ-4 ಯಂತ್ರ, ಕ್ಯಾಪ್ಚರ್ ಕಾರ್ಡ್, 40 ಜಿಬಿ ಹಾರ್ಡ್ ಡಿಸ್ಕ್. ಅಂದು ನಾನು ಡಿಸ್ಕಿನ ಅಂಕಿಯನ್ನು ಬೆರಗಿನಿಂದ ಬರೆದಿದ್ದೆ. ಡಿವಿ ಎಂಬ ರೂಪದಲ್ಲಿ ವಿಡಿಯೋ ತುಂಬಿಸಿದರೆ ಸೆಕೆಂಡಿಗೆ ಸುಮಾರು 3.6 ಎಂಬಿ, ಗಂಟೆಗೆ ಸುಮಾರು 13 ಜಿಬಿ. ಮೂರು ಗಂಟೆಯ ಮದುವೆಗೆ 39 ಜಿಬಿ. ವಿಂಡೋಸ್‌ಗೆ ಕೂರಲು ಜಾಗವಿಲ್ಲ. ಅದರ ಮೇಲೆ ಅಂದಿನ ಅನೇಕ ತಂತ್ರಾಂಶಗಳಲ್ಲಿ ಒಂದು ಕಡತ 2 ಜಿಬಿ ಮೀರುವಂತಿರಲಿಲ್ಲ, ಅಂದರೆ ಒಂಬತ್ತೂವರೆ ನಿಮಿಷಕ್ಕೆ ಒಂದು ಕಡತ. ಫ್ಯಾಟ್-32 ಪದ್ಧತಿಯ ಡಿಸ್ಕಿನಲ್ಲಿ ಮಿತಿ 4 ಜಿಬಿ. ಹೀಗಾಗಿ ಒಂದು ಮದುವೆಯನ್ನು ಅರಿಶಿಣ, ಅಕ್ಷತೆ, ಊಟ, ಬೀಳ್ಕೊಡುಗೆ ಎಂದು ತುಂಡು ಮಾಡಿ ತುಂಬಿಸಿ, ಸಂಕಲಿಸಿ, ಟೇಪಿಗೆ ಬರೆದು, ಅಳಿಸಿ, ಮುಂದಿನ ತುಂಡಿಗೆ ಹೋಗಬೇಕಿತ್ತು.

ಟೇಪಿಗೆ ಬರೆಯುವುದು ಏಕೆಂದು ಇಂದಿನ ಕಿರಿಯರು ಕೇಳಬಹುದು. ಗ್ರಾಹಕರ ಮನೆಯಲ್ಲಿ ಇದ್ದದ್ದು ವಿಸಿಆರ್. ಗಣಕಯಂತ್ರದಲ್ಲಿ ಸಂಕಲಿಸಿದ್ದನ್ನು ಮತ್ತೆ ಅನಲಾಗ್ ಸಂಕೇತವಾಗಿಸಿ ವಿಎಚ್‌ಎಸ್‌ಗೆ ಇಳಿಸಿಯೇ ಕೊಡಬೇಕಿತ್ತು. ಈ ಹಿಂದಿರುಗುವ ಹಾದಿಯಲ್ಲಿಯೂ ಪಾಠಗಳಿದ್ದವು. ಗಣಕದ ತೆರೆಯಲ್ಲಿ ಪೂರ್ತಿ ಕಾಣುವ ಶೀರ್ಷಿಕೆ, ಹಳೆಯ ಟಿ.ವಿ.ಯ ಗಾಜಿನ ಚೌಕಟ್ಟಿನಲ್ಲಿ ಅಂಚು ಕತ್ತರಿಸಿಹೋಗುತ್ತಿತ್ತು. ವಧುವಿನ ಹೆಸರಿನ ಮೊದಲ ಅಕ್ಷರ ಮಾಯವಾದ ಪ್ರಕರಣಗಳು ನನಗೇ ಗೊತ್ತು. ಕೆಲವೇ ವರ್ಷಗಳಲ್ಲಿ ವಿಸಿಡಿ, ನಂತರ ಡಿವಿಡಿ ಬಂದು ಟೇಪಿನ ಗೊಡವೆ ತಪ್ಪಿತು. ಈಗ ಆ ತಟ್ಟೆಗಳನ್ನು ಓದಿಸಲೂ ಯಂತ್ರ ಹುಡುಕಬೇಕಾಗಿದೆ.

ವಿದ್ಯುತ್ತಿನ ವಿಷಯ ಪ್ರತ್ಯೇಕವಾಗಿ ಹೇಳಬೇಕು. ಟೇಪಿನಿಂದ ಗಣಕಕ್ಕೆ ತುಂಬಿಸುವ ಕೆಲಸಕ್ಕೆ ಅವಸರವೆಂಬುದಿಲ್ಲ. ಒಂದು ಗಂಟೆಯ ಟೇಪಿಗೆ ಒಂದು ಗಂಟೆಯೇ ಬೇಕು. ಐವತ್ತೆಂಟನೆಯ ನಿಮಿಷದಲ್ಲಿ ಕರೆಂಟು ಹೋದರೆ ಐವತ್ತೆಂಟು ನಿಮಿಷವೂ ಹೋಯಿತು. ಯೋಜನಾ ವರದಿಯಲ್ಲಿ ಯುಪಿಎಸ್‌ನ ಮೊತ್ತವನ್ನು ನಾನು ಗಣಕಯಂತ್ರಕ್ಕೆ ಮಾತ್ರ ಲೆಕ್ಕ ಹಾಕಿದ್ದೆ. ವಿಸಿಆರ್‌ಗೂ ಅದೇ ಆಸರೆ ಬೇಕೆಂಬುದು ನನಗೆ ಹೊಳೆದಿರಲಿಲ್ಲ. ಮೊದಲ ತಿಂಗಳೇ ಅವರು ಕಚೇರಿಗೆ ಬಂದು ನಯವಾಗಿ ತಿಳಿಸಿದರು.

ತೆರಿಗೆಯ ಕಥೆಯೂ ಚಿಕ್ಕದಲ್ಲ. ವಿಡಿಯೋ ಟೇಪ್ ನಿರ್ಮಾಣ ಸೇವೆಯು 2001ರ ಜುಲೈ 16ರಿಂದ ಸೇವಾ ತೆರಿಗೆಯ ವ್ಯಾಪ್ತಿಗೆ ಬಂದಿತು. ದರ ಅಂದು ಶೇ. 5. ಸಣ್ಣ ಸೇವಾದಾರರಿಗೆ 4 ಲಕ್ಷ ರೂಪಾಯಿಯವರೆಗಿನ ವಿನಾಯಿತಿ ದೊರೆತದ್ದು 2005ರ ಏಪ್ರಿಲ್ 1ರಿಂದ. ಅಲ್ಲಿಯವರೆಗೆ ಹಳ್ಳಿಯ ಮದುವೆ ಹಿಡಿಯುವವನೂ ಕಾನೂನಿನ ಕಣ್ಣಿನಲ್ಲಿ ತೆರಿಗೆದಾರನೇ. ಮುಂದೆ ವಿಸ್ತರಿಸಿದ ವ್ಯಾಖ್ಯೆಯಲ್ಲಿ ಸಂಕಲನ, ಧ್ವನಿ ಸೇರಿಸುವುದು, ಅಳಿಸುವುದು ಮಾತ್ರವಲ್ಲದೆ ಒಂದು ಮಾಧ್ಯಮದಿಂದ ಮತ್ತೊಂದಕ್ಕೆ ವರ್ಗಾಯಿಸುವುದನ್ನೂ ಸೇರಿಸಿದ್ದರು. ಶಾಸನ ರಚಿಸಿದವರಿಗೆ ಈ ವ್ಯವಹಾರದ ಒಳಹೊರಗು ಚೆನ್ನಾಗಿ ತಿಳಿದಿತ್ತೆನ್ನಬೇಕು. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಸೇವೆಗಳಿಗೆ 20 ಲಕ್ಷ ರೂಪಾಯಿಯ ಮಿತಿ ಇರುವುದರಿಂದ ಸಣ್ಣ ಸ್ಟುಡಿಯೋಗಳು ಉಸಿರಾಡಿವೆ. ಸವಕಳಿಯ ಬಗ್ಗೆಯೂ ತಕರಾರು ಇದ್ದೇ ಇತ್ತು. ಗಣಕಯಂತ್ರಕ್ಕೆ ಶೇ. 60, ಇತರ ಯಂತ್ರಕ್ಕೆ ಶೇ. 25 (ನಂತರ 15). ಸಂಕಲನ ಕಾರ್ಡು ಯಾವ ಗುಂಪಿಗೆ ಎಂಬ ಪ್ರಶ್ನೆ. ಗಣಕಕ್ಕೆ ಜೋಡಿಸಿದ ಉಪಕರಣಗಳೂ ಗಣಕ ವ್ಯವಸ್ಥೆಯ ಭಾಗವೇ ಎಂದು 2010ರಲ್ಲಿ ದೆಹಲಿ ಉಚ್ಚ ನ್ಯಾಯಾಲಯ ಬೇರೊಂದು ಪ್ರಕರಣದಲ್ಲಿ ಹೇಳುವ ವೇಳೆಗೆ ನಮ್ಮ ಕಾರ್ಡಿನ ಪುಸ್ತಕ ಮೌಲ್ಯ ಬಹುತೇಕ ಕರಗಿಹೋಗಿತ್ತು.

ಕಪಾಟಿನಿಂದ ಹೊರಬಂದ ಕ್ಯಾಸೆಟ್

ಅಸುಂಡಿಯ ಮಾಸ್ಟರ್ ಸಿಕ್ಕಿತು. ಎರಡು ಕ್ಯಾಸೆಟ್‌ಗಳು, ಹಣೆಪಟ್ಟಿಯಲ್ಲಿ ನೀಲಿ ಶಾಯಿಯಲ್ಲಿ "ಅಸುಂಡಿ, ತಾ: ಗದಗ, ಜಿ: ಧಾರವಾಡ". ನಮ್ಮದು ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಹಣೆಪಟ್ಟಿ ಅದಕ್ಕಿಂತ ಹಿರಿಯದು. ಕ್ಯಾಸೆಟಿನ ಕಿಟಕಿಯಿಂದ ನೋಡಿದರೆ ಒಂದರ ಸುತ್ತಿನ ಮೇಲೆ ಬೂದಿ ಬಣ್ಣದ ಪುಡಿ. ನಾನು ಅದನ್ನು ನಮ್ಮ ಎರೆಮಣ್ಣಿನ ಧೂಳೆಂದುಕೊಂಡೆ. ಅದು ಬೂಷ್ಟು. ಬೂಷ್ಟು ಹಿಡಿದ ಕ್ಯಾಸೆಟನ್ನು ಯಂತ್ರಕ್ಕೆ ಹಾಕಿದರೆ ಅದು ಉರುಳೆಗೆ ಅಂಟಿ, ಮುಂದೆ ಹಾಕುವ ಪ್ರತಿ ಕ್ಯಾಸೆಟಿಗೂ ದಾಟುತ್ತದೆಯಂತೆ. ಮಾಲೀಕರು ಅದನ್ನು ಪ್ರತ್ಯೇಕಿಸಿ, ಕೆಲವು ದಿನ ಒಣ ಜಾಗದಲ್ಲಿಟ್ಟು, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಕವಚ ಬಿಚ್ಚಿ ಕೈಯಿಂದ ಸುತ್ತುತ್ತ ಮೆತ್ತನೆಯ ಬಟ್ಟೆಯಲ್ಲಿ ಒರೆಸಿದರು. ಅರ್ಧ ದಿನದ ಕೆಲಸ.

ನಂತರ ಯಂತ್ರದ ಸರದಿ. ಜಗತ್ತಿನಲ್ಲಿ ಕೊನೆಯವರೆಗೆ ವಿಸಿಆರ್ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಸಂಸ್ಥೆ 2016ರ ಜುಲೈಯಲ್ಲಿ ತಯಾರಿಕೆ ನಿಲ್ಲಿಸಿತು. ಅಂದಿನಿಂದ ಇರುವ ಯಂತ್ರಗಳೇ ಬಂಡವಾಳ. ಯುನೆಸ್ಕೊ ಕಾರ್ಯಕ್ರಮವೊಂದು ಅಂತಾರಾಷ್ಟ್ರೀಯ ಧ್ವನಿ ಮತ್ತು ದೃಶ್ಯ ಸಂಗ್ರಹಾಲಯಗಳ ಸಂಘದೊಡನೆ ಸೇರಿ 2019ರಲ್ಲಿ ಕಾಂತೀಯ ಟೇಪುಗಳ ಬಗ್ಗೆ ಎಚ್ಚರಿಕೆಯನ್ನೇ ಹೊರಡಿಸಿತು. ಟೇಪು ಉಳಿದರೂ ಓದುವ ಯಂತ್ರ, ಬಿಡಿಭಾಗ, ಬಲ್ಲ ಕೈಗಳು 2025ರ ಸುಮಾರಿಗೆ ದುರ್ಲಭವಾಗುತ್ತವೆ ಎಂಬುದು ಅದರ ಸಾರ. ಆ ಗಡುವು ಬಂದಾಗಿದೆ. ಸ್ಟುಡಿಯೋದಲ್ಲಿದ್ದ ನಾಲ್ಕು ವಿಸಿಆರ್‌ಗಳಲ್ಲಿ ಎರಡನ್ನು ಬಿಚ್ಚಿ ಒಂದನ್ನು ಸರಿ ಮಾಡಿಕೊಂಡರು. ತಲೆಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ತೋಯಿಸಿದ ಮೃದು ಚರ್ಮದಿಂದ, ಉರುಳೆಯನ್ನೇ ಅಡ್ಡಡ್ಡ ತಿರುಗಿಸುತ್ತ ಸ್ವಚ್ಛಗೊಳಿಸಬೇಕು; ಮೇಲೆ ಕೆಳಗೆ ಉಜ್ಜಿದರೆ ತಲೆ ಮುರಿಯುತ್ತದೆ. ಮೊದಲಿಗೆ ಬೇಡವಾದ ಕ್ಯಾಸೆಟ್ ಓಡಿಸಿ ನೋಡಿ, ಆಮೇಲೆ ಬೇಕಾದದ್ದನ್ನು ಹಾಕಬೇಕು. ನಾನು 2011ರಲ್ಲಿ ಮಾಡದೆ ಬಿಟ್ಟದ್ದು ಇಷ್ಟೇ. ಕ್ಯಾಸೆಟಿನ ಬೆನ್ನಿನ ಪ್ಲಾಸ್ಟಿಕ್ ತುಣುಕನ್ನು ಮುರಿದಿಟ್ಟರೆ ಕೈತಪ್ಪಿ ಅದರ ಮೇಲೆ ಬರೆಯುವ ಭಯವೂ ಇರುವುದಿಲ್ಲ.

ಗಣಕಕ್ಕೆ ಸೇರಿಸುವ ಕೊಂಡಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಿದೆ. ಮಾರುಕಟ್ಟೆಯಲ್ಲಿ ಕೆಲವು ನೂರು ರೂಪಾಯಿಗೆ ದೊರೆಯುವ ಯುಎಸ್‌ಬಿ ತುಂಡುಗಳಿವೆ. ನಾನು ಒಂದನ್ನು ಕೊಂಡು ಬೇರೆ ಕ್ಯಾಸೆಟ್ ತುಂಬಿಸಿ ನೋಡಿದೆ. ಮೊದಲ ಹತ್ತು ನಿಮಿಷ ಸರಿ. ಗಂಟೆಯ ಕೊನೆಗೆ ಪುರೋಹಿತರ ತುಟಿ ಅಲುಗಿದ ಎರಡು ಸೆಕೆಂಡಿನ ಮೇಲೆ ಮಂತ್ರ ಕೇಳಿಸುತ್ತಿತ್ತು. ಕಾರಣ ಹೀಗಿದೆ. ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 15,625 ಗೆರೆಗಳು ಕರಾರುವಾಕ್ಕಾಗಿ ಬರಬೇಕು. ಹಿಗ್ಗಿದ, ಸವೆದ ಟೇಪಿನಿಂದ ಅವು ತುಸು ಮುಂಚೆ, ತುಸು ತಡವಾಗಿ ಬರುತ್ತವೆ. ಹಳೆಯ ಟಿ.ವಿ. ಇದನ್ನು ಸಹಿಸಿಕೊಳ್ಳುತ್ತಿತ್ತು. ಗಣಕದ ಚಿಪ್ಪು ಸಹಿಸದೆ, ತಡವಾದ ಚಿತ್ರವನ್ನು ಕೈಬಿಡುತ್ತದೆ. ಧ್ವನಿ ಮಾತ್ರ ಬೇರೆ ಗಡಿಯಾರದ ಮೇಲೆ ನಿರಾತಂಕವಾಗಿ ಸಾಗುತ್ತದೆ. ನಮೂದಾಗದೆ ಬಿಟ್ಟುಹೋದ ಜಮೆಗಳಂತೆ, ಒಂದೊಂದೂ ಸಣ್ಣದು. ವರ್ಷಾಂತ್ಯಕ್ಕೆ ತಾಳೆಯೇ ಬೀಳುವುದಿಲ್ಲ. ಇದಕ್ಕೆ ಪರಿಹಾರ ಟೈಮ್ ಬೇಸ್ ಕರೆಕ್ಟರ್ ಎಂಬ ಸಾಧನ. ಬಂದ ಗೆರೆಗಳನ್ನು ಕ್ಷಣಕಾಲ ಹಿಡಿದಿಟ್ಟು, ಸಮನಾದ ಅಂತರದಲ್ಲಿ ಮುಂದೆ ಬಿಡುತ್ತದೆ. ಕೆಲವು ಉತ್ತಮ ದರ್ಜೆಯ ಎಸ್-ವಿಎಚ್‌ಎಸ್ ವಿಸಿಆರ್‌ಗಳಲ್ಲಿ ಇದು ಒಳಗೇ ಇರುತ್ತದೆ.

ಸ್ಟುಡಿಯೋದಲ್ಲಿ ಕೆನೋಪಸ್ ಎಡಿವಿಸಿ-110 ಎಂಬ ಹಳೆಯ ಪೆಟ್ಟಿಗೆಯಿತ್ತು. ಅದು ಚಿತ್ರ ಮತ್ತು ಧ್ವನಿ ಎರಡನ್ನೂ ಒಂದೇ ಗಡಿಯಾರಕ್ಕೆ ಕಟ್ಟಿ ಡಿವಿ ರೂಪದಲ್ಲಿ ಫೈರ್‌ವೈರ್ ಕೊಂಡಿಯ ಮೂಲಕ ಕಳಿಸುತ್ತದೆ. ಆದರೆ ಹೊಸ ಗಣಕಯಂತ್ರಗಳಲ್ಲಿ ಫೈರ್‌ವೈರ್ ಕಿಂಡಿಯೇ ಇಲ್ಲ. 2025ರಲ್ಲಿ ಬಂದ ಮ್ಯಾಕ್ ಆವೃತ್ತಿ ಅದರ ಬೆಂಬಲವನ್ನೂ ಕೈಬಿಟ್ಟಿತು. ಆದುದರಿಂದ 2006ರ ಸುಮಾರಿನ ಗಣಕವೊಂದನ್ನು ಅವರು ಗುಜರಿಗೆ ಹಾಕದೆ ಇಟ್ಟುಕೊಂಡಿದ್ದುದು ನಮ್ಮ ಅದೃಷ್ಟ. ನನ್ನ ಆಸ್ತಿ ಪಟ್ಟಿಯಲ್ಲಿ ಅದರ ಮೌಲ್ಯವನ್ನು ನಾನೇ ಎಂದೋ ಒಂದು ರೂಪಾಯಿಗೆ ಇಳಿಸಿದ್ದೆ.

ಸ್ಟುಡಿಯೋ ಬಂಧುಗಳಿಗೆ ಇನ್ನೊಂದು ಮಾತು. ತುಂಬಿಸುವಾಗಲೇ ಬಣ್ಣ ತಿದ್ದುವುದು, ಅಂಚು ಕತ್ತರಿಸುವುದು, ಅರ್ಧ ಚಿತ್ರಗಳನ್ನು ಬೆಸೆಯುವುದು ಬೇಡ. ಕೆಳಗಿನ ಕೆಲವು ಗೆರೆಗಳಲ್ಲಿ ಕಾಣುವ ಕಲಕು ತಲೆಗಳು ಬದಲಾಗುವ ಜಾಗ. ಅದು ಟೇಪಿನ ಸ್ವಭಾವ. ಮೂಲ ಕಡತ ಇದ್ದ ಹಾಗೆಯೇ ಇರಲಿ. ತಿದ್ದುವುದೆಲ್ಲ ನಕಲಿನಲ್ಲಿ ನಡೆಯಲಿ. ಮೂಲ ನಮೂದನ್ನು ಉಜ್ಜಿ ಅಳಿಸಬಾರದು, ಹೊಂದಾಣಿಕೆ ನಮೂದನ್ನು ಬೇರೆ ಬರೆಯಬೇಕು ಎಂದು ನಮಗೆ ಬಿ.ಕಾಂ. ಮೊದಲ ವರ್ಷದಲ್ಲಿ ಕಲಿಸಿದ್ದೂ ಅದೇ.

412 ಕ್ಯಾಸೆಟ್‌ಗಳ ಲೆಕ್ಕ

ಎಷ್ಟು ಜಾಗ ಬೇಕು? ಒಂದು ಚಿತ್ರದಲ್ಲಿ 720 ಅಡ್ಡ, 576 ಉದ್ದ, ಒಟ್ಟು 4,14,720 ಚುಕ್ಕೆಗಳು. ಚುಕ್ಕೆಗೆ ಎರಡು ಬೈಟಿನಂತೆ, ಸೆಕೆಂಡಿಗೆ 25 ಚಿತ್ರದಂತೆ ಲೆಕ್ಕ ಹಾಕಿದರೆ ಸೆಕೆಂಡಿಗೆ 2 ಕೋಟಿ 7 ಲಕ್ಷ ಬೈಟು, ಗಂಟೆಗೆ ಸುಮಾರು 75 ಜಿಬಿ. ಏನನ್ನೂ ಕಳೆಯದೆ ಮಡಚಿಡುವ ಎಫ್‌ಎಫ್‌ವಿ-1 ಎಂಬ ಪದ್ಧತಿ 2021ರಲ್ಲಿ ಅಂತರಜಾಲ ಮಾನಕ ಸಂಸ್ಥೆಯ ದಾಖಲೆಯಾಗಿ ಪ್ರಕಟವಾಗಿದೆ. ಅದರಲ್ಲಿ ಇದು ಅರ್ಧಕ್ಕೂ ಕಡಿಮೆಯಾಗಬಹುದು. ದೊಡ್ಡ ಸಂಗ್ರಹಾಲಯಗಳಿಗೆ ಅದು ಸರಿ. ಗದಗದ ಸ್ಟುಡಿಯೋಗೆ ಗಂಟೆಗೆ 13 ಜಿಬಿಯ ಡಿವಿ ಸಾಕೆಂಬುದು ನನ್ನ ಮತ. 412 ಕ್ಯಾಸೆಟ್‌ಗಳು ಸರಾಸರಿ ಎರಡೂವರೆ ಗಂಟೆಯೆಂದರೆ 1,030 ಗಂಟೆ. ಸುಮಾರು 13,400 ಜಿಬಿ. ಎರಡು ಪ್ರತಿ ಇಟ್ಟರೆ ಅದರ ಇಮ್ಮಡಿ. ದಿನಕ್ಕೆ ಆರು ಗಂಟೆ ಯಂತ್ರ ಓಡಿಸಿದರೆ 172 ದಿನ. ಅಷ್ಟು ದಿನ ಆ ಹಳೆಯ ವಿಸಿಆರ್ ಬಾಳುವುದೇ ಎಂಬುದನ್ನು ಲೆಕ್ಕ ಹೇಳುವುದಿಲ್ಲ.

ಆದುದರಿಂದ ಎಲ್ಲವನ್ನೂ ಒಮ್ಮೆಲೇ ವರ್ಗಾಯಿಸುವುದು ಬೇಡ, ಕೇಳಿದವರದನ್ನು ಮೊದಲು ಮಾಡಿ, ಮುಂಗಡ ಪಡೆಯಿರಿ ಎಂದು ಸಲಹೆ ಕೊಟ್ಟೆ. ದರವನ್ನು ಕ್ಯಾಸೆಟಿಗಿಷ್ಟು ಎಂದು ಇಡದೆ ಗಂಟೆಗಿಷ್ಟು ಎಂದಿಡಬೇಕು. ಅದರಲ್ಲಿ ಆಳಿನ ಸಮಯ, ತಲೆಯ ಸವೆತ, ಡಿಸ್ಕು, ವಿದ್ಯುತ್ತು ಸೇರಬೇಕು. ಬೂಷ್ಟು ಒರೆಸುವುದಕ್ಕೆ ಬೇರೆ ದರ. ಫಲ ಸಿಗದಿದ್ದರೂ ಶ್ರಮದ ಹಣ ಪಡೆಯುವ ಷರತ್ತನ್ನು ಮೊದಲೇ ಬರೆಸಿಕೊಳ್ಳಬೇಕು.

ಈ ಕ್ಯಾಸೆಟ್‌ಗಳ ಒಡೆಯ ಯಾರು? ಹಕ್ಕುಸ್ವಾಮ್ಯ ಕಾಯ್ದೆ 1957ರ 17ನೆಯ ಕಲಮಿನ ಪ್ರಕಾರ, ವಿರುದ್ಧವಾದ ಕರಾರು ಇಲ್ಲದಿದ್ದರೆ, ಪ್ರತಿಫಲ ಕೊಟ್ಟು ಚಿತ್ರ ತೆಗೆಸಿದವನೇ ಅದರ ಮೊದಲ ಹಕ್ಕುದಾರ. ಪ್ಲಾಸ್ಟಿಕ್ ಡಬ್ಬಿಯೂ ಟೇಪೂ ಸ್ಟುಡಿಯೋದ್ದು; ಅದರೊಳಗಿನ ಮದುವೆ ಮದುವೆಯವರದ್ದು. ಆದ್ದರಿಂದ ಅನುಮತಿಯಿಲ್ಲದೆ ಆ ದೃಶ್ಯಗಳನ್ನು ಜಾಹೀರಾತಿಗೆ ಬಳಸುವಂತಿಲ್ಲ, ಬೇರೆಯವರಿಗೆ ಮಾರುವಂತೆಯೂ ಇಲ್ಲ. ಮಾರಲಾಗದ್ದು ದಾಸ್ತಾನಲ್ಲ. ಬೆಲೆ ಸೊನ್ನೆ ಎಂದು ಬರೆದದ್ದು ಸರಿಯಾಗಿಯೇ ಇತ್ತು. ವರ್ಗಾವಣೆಯ ಆದಾಯ ಬಂದಾಗ ಅದು ಸೇವೆಯ ಆದಾಯವೇ ಹೊರತು ಮಾರಾಟವಲ್ಲ.

ಇನ್ನು ಮಾಲೀಕರ ಸಂಕೋಚದ ಕಾರಣ. ಅಸುಂಡಿಯ ಮಾಸ್ಟರ್ ಅಳಿಸಿಹೋಗದೆ ಉಳಿದದ್ದು ಯಾರ ದೂರದೃಷ್ಟಿಯಿಂದಲೂ ಅಲ್ಲ. ಲೆಕ್ಕ ಚುಕ್ತಾ ಆಗಿರಲಿಲ್ಲ. ಉದ್ರಿ ವಹಿಯಲ್ಲಿ ನಮ್ಮ ತಂದೆಯವರ ಹೆಸರಿನ ಮುಂದೆ 750 ರೂಪಾಯಿ ಬಾಕಿ. ಬೆಳಗಿನ ಸುರಗಿ ಶಾಸ್ತ್ರಕ್ಕೆ ಕ್ಯಾಮೆರಾದವರು ತಡವಾಗಿ ಬಂದರೆಂದು ತಂದೆಯವರು ಅಷ್ಟನ್ನು ಹಿಡಿದುಕೊಂಡಿದ್ದರಂತೆ. ಕಪಾಟಿನ 412ರಲ್ಲಿ ಹೆಚ್ಚಿನವು ಖಾಲಿ ಕ್ಯಾಸೆಟ್ ಅಗ್ಗವಾದ ಮೇಲಿನವು. 1990ರ ದಶಕದವೆಂದರೆ ಸುಮಾರು ಅರವತ್ತು, ಎಲ್ಲವೂ ಬಾಕಿದಾರರವು. ಹಣ ಪೂರ್ತಿ ಕೊಟ್ಟ ಸಜ್ಜನರ ಮಾಸ್ಟರ್‌ಗಳ ಮೇಲೆ ಬೇರೆಯವರ ಮದುವೆಗಳಾಗಿವೆ.

ಮೊದಲ ಕ್ಯಾಸೆಟ್ ತುಂಬಿಸುವಾಗ ನಾನು ಪಕ್ಕದಲ್ಲಿ ಕುಳಿತಿದ್ದೆ. ತಂದೆಯವರು ಹಂದರದ ಕಂಬದ ಬಳಿ ಎರಡು ಸಲ ಹಾದುಹೋದರು, ಒಮ್ಮೆ ಬೀಗರಿಗೆ ಕೈ ಮುಗಿದರು. ಸಂಕಲಿತ ಪ್ರತಿಯಲ್ಲಿ ನೋಡಿದ್ದ ದೃಶ್ಯಗಳೇ. ಹಾಡು ಮಾತ್ರ ಇರಲಿಲ್ಲ. ಎರಡನೆಯದರಲ್ಲಿ, ಬೂಷ್ಟು ಒರೆಸಿದ್ದರಲ್ಲಿ, ಊಟದ ಹೊತ್ತಿಗೆ ಕ್ಯಾಮೆರಾದವರು ಯಂತ್ರವನ್ನು ನಿಲ್ಲಿಸಲು ಮರೆತು ಕಟ್ಟೆಯ ಮೇಲಿಟ್ಟಿದ್ದರು. ನಾಲ್ಕು ನಿಮಿಷ ಕಾಣುವುದು ಸೆಗಣಿ ಸಾರಿಸಿದ ನೆಲ, ಅರ್ಧ ರಂಗೋಲಿ, ಹಾದುಹೋಗುವ ಕಾಲುಗಳು. ಸಂಕಲನಕಾರನು ಕಸವೆಂದು ತೆಗೆದುಹಾಕಿದ ಭಾಗ. ಚಿತ್ರದ ಒಂದು ಬದಿ ಕಲಕಿತ್ತು, ಧ್ವನಿ ನಡುನಡುವೆ ಮುಳುಗುತ್ತಿತ್ತು. ಆ ಸದ್ದಿನ ನಡುವೆ ನಮ್ಮ ತಂದೆಯವರ ಧ್ವನಿ ಕೇಳಿಸಿತು: "ಆ ದೀಪಾ ಹಿಡದ ಹುಡುಗಂದು ಊಟ ಆತೇನು? ಮೊದ್ಲ ಅವಂಗ ಬಡಸ್ರಿ, ಮುಂಜಾನಿಂದ ಹಸದಾನ."

ಮಾಲೀಕರು ಟೇಪನ್ನು ನಿಲ್ಲಿಸದೆ ಕೊನೆಯವರೆಗೆ ಓಡಲು ಬಿಟ್ಟರು. ಮುಗಿದ ಮೇಲೆ, ಆ ಹುಡುಗ ನಾನೇ ಎಂದರು. ಅಂದು ಸ್ಟುಡಿಯೋ ಅವರ ಅಣ್ಣನದಾಗಿತ್ತು.

750 ರೂಪಾಯಿಯ ಸಾಲ ಕಾಲಮಿತಿ ಕಾಯ್ದೆಯ ಪ್ರಕಾರ ಮೂರು ವರ್ಷಕ್ಕೇ ಸತ್ತುಹೋಗಿತ್ತು; ಇಷ್ಟು ವರ್ಷಗಳ ಮೇಲೆ ಯಾವ ನ್ಯಾಯಾಲಯವೂ ಅದನ್ನು ಕೊಡಿಸಲಾರದು. ಅವಧಿ ಮೀರಿದ ಸಾಲವನ್ನು ತಾನಾಗಿ ತೀರಿಸಲು ಮಾತ್ರ ಅಡ್ಡಿಯಿಲ್ಲ. ನಾನು ಹಣ ಕೊಟ್ಟೆ. ಬಡ್ಡಿ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಇದನ್ನು ಯಾವ ಶಿರೋನಾಮೆಯಲ್ಲಿ ಜಮೆ ಮಾಡಲಿ ಎಂದು ಅವರು ಕೇಳಿದಾಗ, ಹಿಂದೆ ಮುಳುಗಿದ ಸಾಲವೆಂದು ಖರ್ಚು ಬರೆದಿಲ್ಲವಾದ್ದರಿಂದ ಬಾಕಿದಾರರ ಖಾತೆಗೇ ಜಮೆ ಮಾಡಿ ಖಾತೆ ಮುಚ್ಚಿ ಎಂದೆ. ರಶೀದಿಯನ್ನು ತಂದೆಯವರ ಹೆಸರಿನಲ್ಲಿಯೇ ಬರೆಸಿಕೊಂಡೆ.

ಆ ವರ್ಷದ ಕೊನೆಗೆ 37 ಕ್ಯಾಸೆಟ್‌ಗಳ ವರ್ಗಾವಣೆ ಮುಗಿದಿತ್ತು. ಮುಂದಿನ ಮಾರ್ಚ್ ಪಟ್ಟಿಯಲ್ಲಿ ನಗ 412 ಎಂಬುದು ಹಾಗೆಯೇ ಇತ್ತು. ವರ್ಗಾಯಿಸಿದ ಮೇಲೂ ಮಾಸ್ಟರ್‌ಗಳನ್ನು ಪೂರ್ತಿ ಸುತ್ತಿ, ನಿಲುವಾಗಿಟ್ಟು, ಅದೇ ಕಪಾಟಿಗೆ ಹಿಂದಿರುಗಿಸಿದ್ದರು.